ಪದಚರ್ಚೆ: ‘ಲೇಓವರ್’, ‘ಟ್ರಾನ್ಸ್‌ಫರ್’, ‘ಇಮಿಗ್ರೇಶನ್’ – ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಕೇಳಿಕೆ – ಇಂಡಿಯಾನಾಪೊಲಿಸ್‌ನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಮಾವ ಮುಂದಿನ ವಾರ ಬೆಂಗಳೂರಿನಿಂದ ನಮ್ಮಲ್ಲಿಗೆ ಹೊರಡುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು, ಷಿಕಾಗೋದಲ್ಲಿ ಇನ್ನೊಂದು ಸಲ ಬದಲಿಸಬೇಕು. ಇಬ್ಬರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಆದರೆ ವಾಕ್ಯ ತಿಳಿಯುವುದಿಲ್ಲ. ಅದಕ್ಕೆ ಎಲ್ಲಿ ಏನು ಮಾಡಬೇಕು ಅಂತ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಳಿಸಬೇಕು. ಇಲ್ಲಿನ ಬೇರೆ ಕನ್ನಡ ಮನೆಯವರೂ ಅದೇ ಹಾಳೆ ಕೇಳಿದ್ದಾರೆ, ಹಾಗಾಗಿ ಪದಗಳು ಸರಿ ಇರಲಿ ಅಂತ ಆಸೆ.

ಬೇಕಾಗಿರುವುದು ಲೇಓವರ್ (ನಡುವಿನ ಊರಲ್ಲಿ ಮುಂದಿನ ವಿಮಾನಕ್ಕೆ ಕಾಯುವುದು), ಟ್ರಾನ್ಸ್‌ಫರ್, ಇಮಿಗ್ರೇಶನ್ (ದೇಶದೊಳಗೆ ಬಿಡುವ ಮುಂಚೆ ಪಾಸ್‌ಪೋರ್ಟ್ ನೋಡುವುದು), ಮತ್ತೆ ಬ್ಯಾಗು ತಾನಾಗಿಯೇ ಮುಂದಿನ ವಿಮಾನಕ್ಕೆ ಹೋಗುತ್ತಲ್ಲ, ಅದು. ಸದ್ಯಕ್ಕೆ ‘ಮಧ್ಯಂತರ ತಂಗುವಿಕೆ’, ‘ವರ್ಗಾವಣೆ’, ‘ವಲಸೆ’ ಅಂತ ಬರೆದಿದ್ದೇನೆ. ಫೋನಿನಲ್ಲಿ ಓದಿ ಹೇಳಿದೆ. ಮಾವ, ‘ವರ್ಗಾವಣೆ ಯಾರಿಗಮ್ಮಾ? ನಾನು ರಿಟೈರ್ ಆಗಿ ಎಷ್ಟು ಕಾಲ ಆಯ್ತು’ ಅಂದರು.

ಉತ್ತರ – ಮೈಸೂರಿನಿಂದ

‘ಮಧ್ಯಂತರ ತಂಗುವಿಕೆ’ ಕನ್ನಡವೇ ಅಲ್ಲ. ಕ್ರಿಯಾಪದಕ್ಕೆ ‘ವಿಕೆ’ ಹಚ್ಚಿ ಹೆಸರುಪದ ಮಾಡುವ ಚಟ ಸರಕಾರಿ ಸುತ್ತೋಲೆಗಳಿಂದ ಬಂದದ್ದು. ‘ಎಡೆತಂಗು’ ಅನ್ನಿ. ಎಡೆ ಅಂದರೆ ನಡು, ತಂಗು ಅಂದರೆ ತಂಗು. ಪ್ರತಿ ಊರಿನ ಬಸ್ ಸ್ಟಾಪಿನ ಮೇಲೂ ‘ತಂಗುದಾಣ’ ಅಂತ ಬರೆದಿರುತ್ತೆ, ಯಾರಿಗೂ ಕಷ್ಟ ಆಗಿಲ್ಲ. ಟ್ರಾನ್ಸ್‌ಫರ್‌ಗೆ ‘ಮರುಹತ್ತು’. ಇಮಿಗ್ರೇಶನ್‌ಗೆ ‘ಒಳಬರವು’. ಲಗೇಜಿಗೆ ‘ಹೊರೆ’. ವಿಮಾನ ಅನ್ನುವುದೂ ಬೇಡ, ‘ಬಾನೋಡ’ ಇದೆ. ಮುಗಿಯಿತು.

ಉತ್ತರ – ಧಾರವಾಡದಿಂದ

ಮುಗಿಯಲಿಲ್ಲ ಗುರುಗಳೇ. ಎಡೆ ಅಂದರೆ ನಮ್ಮ ಮನೆಯಲ್ಲಿ ಹಬ್ಬದ ದಿನ ದೇವರಿಗೆ ಇಡುವುದು. ‘ಫ್ರಾಂಕ್‌ಫರ್ಟ್‌ನಲ್ಲಿ ಎಡೆ’ ಅಂದರೆ ಹೋಳಿಗೆ ಎಲ್ಲಿ ಅಂತ ಕೇಳಿಯಾರು.

ಹಳೆಯ ಒಳ್ಳೆಯ ಪದ ಒಂದಿದೆ, ಮಜಲು. ದಾರಿಯಲ್ಲಿ ಇಳಿದು, ದಣಿವಾರಿಸಿಕೊಂಡು, ಮತ್ತೆ ಹೊರಡುವ ಜಾಗ. ಒಂದು ದಿನದ ಪಯಣಕ್ಕೂ ಮಜಲು ಅನ್ನುತ್ತಿದ್ದರು. ಅರಬ್ಬಿಯ ಮಂಜಿಲ್ ಫಾರಸಿಯಿಂದ ಹಾದು ನಮ್ಮಲ್ಲಿಗೆ ಬಂದು ಮಜಲು ಆಯಿತು. ಲೇಓವರ್‌ಗೆ ಇದಕ್ಕಿಂತ ತಕ್ಕ ಪದ ಬೇಕೇನ್ರಿ? ಪಾಸ್‌ಪೋರ್ಟಿಗೂ ನಮ್ಮಲ್ಲಿ ‘ರಹದಾರಿ’ ಇತ್ತು. ಈಗ ಅದು ಲಾರಿ ಪರ್ಮಿಟ್ಟಿನ ಕಾಗದದಲ್ಲಿ ಮಾತ್ರ ಉಳಿದಿದೆ.

ಉತ್ತರ – ಪುತ್ತೂರಿನಿಂದ

ಮಜಲು ಅಂದರೆ ಗದ್ದೆ ಮಾರಾಯ್ರೇ. ನಮ್ಮಲ್ಲಿ ಬೈಲು, ಮಜಲು, ಬೆಟ್ಟು ಅಂತ ಮೂರು ಬಗೆ. ಬೈಲು ತಗ್ಗಿನಲ್ಲಿ, ನೀರು ಜಾಸ್ತಿ, ಮೂರು ಬೆಳೆ. ಬೆಟ್ಟು ಮೇಲೆ, ಮಳೆ ನಂಬಿ ಒಂದು ಬೆಳೆ. ನಡುವಿನದು ಮಜಲು, ಎರಡು ಬೆಳೆ. ‘ಫ್ರಾಂಕ್‌ಫರ್ಟ್ ಮಜಲು’ ಅಂತ ಬರೆದರೆ ಅಲ್ಲಿ ಯಾರ ಜಾಗ ಅಂತ ನಮ್ಮಮ್ಮ ವಿಚಾರಿಸಿಯಾರು.

ಉತ್ತರ – ಮೈಸೂರಿನಿಂದ

ಅರಬ್ಬಿ ಪದ ತಂದು ‘ಹಳೆಯ ಒಳ್ಳೆಯ ಕನ್ನಡ’ ಅನ್ನುವವರ ಜೊತೆ ನನಗೆ ವಾದ ಇಲ್ಲ.

ಉತ್ತರ – ಬೆಂಗಳೂರಿನಿಂದ (ಏರ್‌ಲೈನ್ ಕೌಂಟರಿನಲ್ಲಿ ಕೆಲಸ ಮಾಡಿದವನು)

ಪದ ಆಮೇಲೆ. ಮೊದಲು ಸಂಗತಿ ನೋಡಿ. ಮೇಲಿನ ಯಾರ ಪದ ಹಾಕಿದರೂ ಆ ಹಿರಿಯರ ಬ್ಯಾಗು ಷಿಕಾಗೋದಲ್ಲೇ ಉಳಿಯುತ್ತೆ.

ಟ್ರಾನ್ಸಿಟ್, ಟ್ರಾನ್ಸ್‌ಫರ್ ಎರಡೂ ಒಂದೇ ಅಲ್ಲ. ನಮ್ಮ ಲೆಕ್ಕದಲ್ಲಿ, ಬಂದ ವಿಮಾನದಲ್ಲೇ ಮುಂದಕ್ಕೆ ಹೋಗುವವರು ಟ್ರಾನ್ಸಿಟ್. ಒಂದರಿಂದ ಇಳಿದು ಇನ್ನೊಂದು ಹತ್ತುವವರು ಟ್ರಾನ್ಸ್‌ಫರ್. ಲೇಓವರ್ ಜನ ಆಡುವ ಮಾತು. ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ ನಡುವಿನ ಊರಲ್ಲಿ 24 ಗಂಟೆಯೊಳಗೆ ಇದ್ದರೆ ಕನೆಕ್ಷನ್, ಅದಕ್ಕಿಂತ ಜಾಸ್ತಿ ಆದರೆ ಸ್ಟಾಪ್‌ಓವರ್. ಟಿಕೆಟ್ ದರವೇ ಇದರ ಮೇಲೆ ಬದಲಾಗುತ್ತೆ. ಹಾಗಾಗಿ ‘ತಂಗು’ ಹಾಕಬೇಡಿ. ತಂಗುವುದು ಅಂದರೆ ನಮ್ಮ ಜನರಿಗೆ ರಾತ್ರಿ ಮಲಗುವುದು. ಬೆಂಚಿನ ಮೇಲೆ ಕಾಲು ಚಾಚಿ ಮಲಗಿಬಿಟ್ಟರೆ ವಿಮಾನ ಹೋಗುತ್ತೆ.

ಈಗ ಬ್ಯಾಗು. ಒಂದೇ ಟಿಕೆಟ್ಟಿನಲ್ಲಿ ಎಲ್ಲ ವಿಮಾನ ಇದ್ದರೆ ಬೆಂಗಳೂರಿನಲ್ಲೇ ಕೊನೆಯ ಊರಿನವರೆಗೆ ಟ್ಯಾಗ್ ಹಾಕುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ಅದನ್ನು ಮುಟ್ಟುವ ಹಾಗೇ ಇಲ್ಲ. ಇಮಿಗ್ರೇಶನ್ನೂ ಇಲ್ಲ, ಯಾಕೆಂದರೆ ಅವರು ಜರ್ಮನಿಯ ಒಳಗೆ ಹೋಗುತ್ತಿಲ್ಲ. ಆದರೆ ಸೆಕ್ಯುರಿಟಿ ಇನ್ನೊಂದು ಸಲ ಇದೆ. ಕುಡಿಯುವ ನೀರಿನ ಬಾಟಲಿ ಅಲ್ಲಿ ಖಾಲಿ ಇದ್ದರೆ ಒಳ್ಳೆಯದು. ಅದೇ ಇವರು ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್‌ಗೋ ಪ್ಯಾರಿಸ್‌ಗೋ ಹೋಗುವವರಾಗಿದ್ದರೆ ಪಾಸ್‌ಪೋರ್ಟ್ ಅಲ್ಲೇ ನೋಡುತ್ತಿದ್ದರು, ಷೆಂಗೆನ್ (ತಮ್ಮತಮ್ಮ ನಡುವೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಬಾಗಿಲು ಅದು. ಗೇಟ್ ವಿಷಯವೂ ಹೇಳಿ. ಒಂದನೇ ಟರ್ಮಿನಲ್‌ನಲ್ಲಿ ಎ ಗೇಟುಗಳ ಮೇಲಿನ ಅಂತಸ್ತೇ ಝಡ್. ಎರಡೂ ಒಂದೇ ಕಟ್ಟಡ. ಎ ಷೆಂಗೆನ್‌ಗೆ, ಝಡ್ ಅದರ ಹೊರಗಿನ ದೇಶಗಳಿಗೆ. ಅಂಕಿ ನೋಡಿ ಅಕ್ಷರ ಬಿಟ್ಟರೆ ಸುತ್ತಾಡುತ್ತಾ ಇರಬೇಕಾಗುತ್ತೆ.

ಷಿಕಾಗೋದಲ್ಲಿ ಎಲ್ಲ ಉಲ್ಟಾ. ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಶನ್. ಟ್ಯಾಗ್ ಎಲ್ಲಿಯವರೆಗೆ ಇದ್ದರೂ ಬ್ಯಾಗನ್ನು ಬೆಲ್ಟಿನಿಂದ ತಾವೇ ಎತ್ತಿಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು, ಹೊರಗೆ ಬಂದ ತಕ್ಷಣ ಇರುವ ಕೌಂಟರಿನಲ್ಲಿ ಮತ್ತೆ ಕೊಡಬೇಕು. ಅಲ್ಲಿನ ಓಹೇರ್ ಏರ್‌ಪೋರ್ಟಿನಲ್ಲಿ ಇದೆಲ್ಲ 5ನೇ ಟರ್ಮಿನಲ್‌ನಲ್ಲಿ. ಆಮೇಲೆ ರೈಲು ಹತ್ತಿ ಒಳನಾಡಿನ ಟರ್ಮಿನಲ್‌ಗೆ, ಅಲ್ಲಿ ಮತ್ತೆ ಸೆಕ್ಯುರಿಟಿ.

ತುಂಬಾ ಮುಖ್ಯವಾದ ಇನ್ನೊಂದು. ನಿಮ್ಮೂರಿನ ಏರ್‌ಪೋರ್ಟ್ ಕೋಡ್ ಐಎನ್‌ಡಿ (IND). ಟ್ಯಾಗಿನ ಮೇಲೆ ದಪ್ಪ ಅಕ್ಷರದಲ್ಲಿ ಅದನ್ನು ನೋಡಿ ಬ್ಯಾಗು ಇಂಡಿಯಾಕ್ಕೆ ವಾಪಸ್ ಹೋಗುತ್ತೆ ಅಂತ ಗಾಬರಿ ಆಗಬಹುದು. ಇದನ್ನು ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಬೋರ್ಡಿಂಗ್ ಪಾಸಿನ ಜೊತೆ ಕೊಡುವ ಹತ್ತು ಅಂಕಿಯ ಚೀಟಿ ಎಸೆಯಬಾರದು ಅಂತಲೂ ಬರೆಯಿರಿ. ಬ್ಯಾಗು ಬರದಿದ್ದರೆ ಅದೊಂದೇ ಗತಿ.

ಕೇಳಿದವರು

ಅಯ್ಯೋ ಸಾರ್, ಐಎನ್‌ಡಿ ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್. ‘ತಂಗು’ ತೆಗೆದೆ. ಹಾಗಾದರೆ ಇಮಿಗ್ರೇಶನ್‌ಗೆ ‘ವಲಸೆ’ ಇರಲಾ? ಬೇರೆಯವರೂ ಹಾಗೇ ಬರೆಯುತ್ತಾರೆ.

ಉತ್ತರ – ಧಾರವಾಡದಿಂದ

ಖಂಡಿತ ಬೇಡ. ವಲಸೆ ಅಂದರೆ ಮೂಲದಲ್ಲಿ ದಂಡು ಬಂತು ಅಂತ ಹೆದರಿ ಊರು ಬಿಟ್ಟು ಹೋಗುವುದು. ತೆಲುಗಿನಲ್ಲೂ ವಲಸ ಅಂತ ಅದೇ ಪದ ಇದೆ. ನಮ್ಮ ಕಡೆ ಬರ ಬಿದ್ದಾಗ ಕೆಲಸ ಹುಡುಕಿ ಹೊರಟರೆ ಗುಳೆ ಹೋದರು ಅಂತೀವಿ, ಅದಕ್ಕೆ ಪೇಪರಿನವರು ವಲಸೆ ಅಂತಾರೆ. ಮಗನ ಮನೆಗೆ ಮೊಮ್ಮಗುವನ್ನು ನೋಡಲು ಹೊರಟವರು ವಲಸೆ ಹೋದ ಹಾಗೆ ಆಯ್ತೇನು?

ಉತ್ತರ – ನ್ಯೂಜೆರ್ಸಿಯಿಂದ

ಅರ್ಥಕ್ಕಿಂತ ದೊಡ್ಡ ತೊಂದರೆ ಇದೆ. ನೋಡಲು ಬರುವವರಿಗೆ ಸಿಗುವುದು ಬಿ-2 ವೀಸಾ. ಇಲ್ಲಿನ ಕಾನೂನು ಅಂಥ ಅರ್ಜಿ ಹಾಕಿದವರನ್ನು ಮೊದಲು ವಲಸೆ ಬರುವವರು ಅಂತಲೇ ಎಣಿಸುತ್ತೆ. ಅಲ್ಲ, ವಾಪಸ್ ಹೋಗುತ್ತೇವೆ ಅಂತ ಅವರೇ ತೋರಿಸಿಕೊಡಬೇಕು. ಹಾಗೆ ತೋರಿಸಿ ವೀಸಾ ತಂದವರ ಕೈಗೆ ‘ಷಿಕಾಗೋದಲ್ಲಿ ವಲಸೆ’ ಅಂತ ಬರೆದ ಹಾಳೆ ಕೊಡ್ತೀರಾ? ಆಫೀಸರ್ ದುಭಾಷಿಯನ್ನು ಕರೆಸಿ ಕೇಳಿದರೆ, ಮಾವನವರು ಸುಮ್ನೆ ‘ವಲಸೆಗೆ ಬಂದೆವು’ ಅಂದುಬಿಟ್ಟರೆ?

ಇನ್ನೊಂದು. ಹಾಳೆ ಬೇರೆಯವರಿಗೂ ಹೋಗುತ್ತೆ ಅಂದಿರಿ. ಅಬುಧಾಬಿ ಅಥವಾ ಡಬ್ಲಿನ್ ಮೂಲಕ ಬರುವವರಿಗೆ ಅಮೆರಿಕದ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ಅಲ್ಲೇ ಆಗುತ್ತೆ. ಇಲ್ಲಿ ಇಳಿಯುವಾಗ ಒಳನಾಡಿನವರ ಹಾಗೆ ನೇರ ಹೊರಗೆ. ಅವರಿಗೆ ಬೇರೆ ಹಾಳೆ ಮಾಡಿ.

ಉತ್ತರ – ಮೈಸೂರಿನಿಂದ

ಅದಕ್ಕೇ ‘ಒಳಬರವು’ ಅಂದದ್ದು. ಯಾರೂ ಓದಲಿಲ್ಲ.

ಉತ್ತರ – ಮ್ಯೂನಿಕ್‌ನಿಂದ

ಇಲ್ಲಿನ ಬೋರ್ಡಿನಲ್ಲಿ ಇಮಿಗ್ರೇಶನ್ ಅಂತ ಇರುವುದೇ ಇಲ್ಲ. ‘ಪಾಸ್‌ಕೊಂಟ್ರೋಲೆ’ ಅಂತ ಇರುತ್ತೆ. ಪಾಸ್‌ಪೋರ್ಟ್ ನೋಡುತ್ತಾರೆ, ಅಷ್ಟೇ ಹೇಳುತ್ತಾರೆ. ‘ಪಾಸ್‌ಪೋರ್ಟ್ ತಪಾಸಣೆ’ ಅಂತ ಬರೆಯಿರಿ, ಸಾಕಲ್ವಾ?

ಉತ್ತರ – ಮೈಸೂರಿನಿಂದ

ಜರ್ಮನ್ನರನ್ನು ಎಳೆದು ತಂದಿದ್ದೀರಿ, ಒಳ್ಳೆಯದೇ ಆಯ್ತು. ಅವರು ಏರ್‌ಪೋರ್ಟ್ ಅನ್ನುವುದಿಲ್ಲ, ‘ಫ್ಲೂಗ್‌ಹಾಫೆನ್’ ಅನ್ನುತ್ತಾರೆ, ಹಾರಾಟದ ಬಂದರು. ಬ್ಯಾಗೇಜ್ ಅನ್ನುವುದಿಲ್ಲ, ‘ಗೆಪೆಕ್’. ಕನೆಕ್ಟಿಂಗ್ ಫ್ಲೈಟ್ ಅನ್ನುವುದಿಲ್ಲ, ‘ಆನ್‌ಶ್ಲುಸ್‌ಫ್ಲೂಗ್’. ಕಸ್ಟಮ್ಸ್ ಅನ್ನುವುದಿಲ್ಲ, ‘ತ್ಸೋಲ್’. ನಾವು ಮಾತ್ರ ಇಂಗ್ಲಿಷಿನ ಎಂಜಲು ತಿನ್ನಬೇಕು. ನಿಮ್ಮ ‘ತಪಾಸಣೆ’ ಕೂಡ ಮರಾಠಿಯ ದಾರಿಯಲ್ಲಿ ಬಂದದ್ದು.

ಉತ್ತರ – ಮ್ಯೂನಿಕ್‌ನಿಂದ

ಟರ್ಮಿನಲ್, ಟಿಕೆಟ್, ಗೇಟ್, ಚೆಕ್-ಇನ್ ಇವನ್ನೆಲ್ಲ ಜರ್ಮನ್ನರು ಹಾಗೇ ಅನ್ನುತ್ತಾರೆ, ಅದನ್ನು ಯಾಕೆ ಬಿಟ್ಟಿರಿ? ‘ತ್ಸೋಲ್’ ಕೂಡ ಅವರ ಸ್ವಂತದ್ದಲ್ಲ. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಹಳೆಯ ಜರ್ಮನ್‌ಗೆ ಬಂದ ಪದ. ಸಾವಿರ ವರ್ಷ ಆಗಿದೆ, ಅದಕ್ಕೆ ಸ್ವಂತದ ಹಾಗೆ ಕಾಣುತ್ತೆ.

ಉತ್ತರ – ಧಾರವಾಡದಿಂದ

ನಮ್ಮ ‘ಸುಂಕ’ದ ಕತೆಯೂ ಅದೇ. ಸಂಸ್ಕೃತದ ಶುಲ್ಕ ಬಾಯಲ್ಲಿ ಸವೆದು ಸುಂಕ ಆಯಿತು. ಬಸವಣ್ಣನವರ ಕಾಲಕ್ಕೇ ಸುಂಕದ ಬಂಕಣ್ಣ ಅಂತ ವಚನಕಾರ ಇದ್ದ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಇದೆ. ಕಸ್ಟಮ್ಸ್ ಹಾಲಿಗೆ ಬೇರೆ ಹೆಸರು ಹುಡುಕಬೇಡಿ, ಅದು ಸುಂಕದಕಟ್ಟೆಯೇ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನುವ ಗಾದೆ ಅಮೆರಿಕದ ಆಫೀಸರಿಗೂ ನಡೆಯುತ್ತೆ.

ಅಂದ ಹಾಗೆ, ಮೈಸೂರಿನವರು ಮೆಚ್ಚಿದ ‘ತಂಗುದಾಣ’ದಲ್ಲಿ ದಾಣ ಎಲ್ಲಿಂದ ಬಂತು ಅಂತ ನೋಡಿದ್ದಾರೆಯೇ? ತಾಣ, ಅಂದರೆ ಸ್ಥಾನ. ಅರ್ಧ ಸಂಸ್ಕೃತ.

ಉತ್ತರ – ಮೈಸೂರಿನಿಂದ

ತದ್ಭವ ಬೇರೆ, ಎರವಲು ಬೇರೆ. ಇದನ್ನು ಎಂಟನೇ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ.

ಉತ್ತರ – ಪುತ್ತೂರಿನಿಂದ

ಸವೆದರೆ ತದ್ಭವ, ಸವೆಯದಿದ್ದರೆ ಎರವಲು ಅಂತಲಾ? ಹಾಗಾದರೆ ‘ಲಗೇಜು’ ಕೂಡ ಸವೆದಿದೆ. ಕೊನೆಗೆ ಉ ಸೇರಿದೆ, ‘ಲಗೇಜಿಗೆ’, ‘ಲಗೇಜಿನ’ ಅಂತ ಸಲೀಸಾಗಿ ವಿಭಕ್ತಿ ಹತ್ತುತ್ತೆ. ಬಸ್ ಕಂಡಕ್ಟರ್ ಲಗೇಜಿಗೆ ಟಿಕೆಟ್ ಹರಿಯುತ್ತಾನೆ, ಹೊರೆಗೆ ಹರಿಯುವುದಿಲ್ಲ. ‘ಹೊರೆ’ ತಲೆ ಮೇಲಿನ ಹುಲ್ಲು. ‘ಸರಕು’ ಅಂದರೆ ಕಾರ್ಗೋ ಆಗುತ್ತೆ. ‘ಗಂಟುಮೂಟೆ ಕಟ್ಟಿದರು’ ಅಂದರೆ ಜಾಗ ಖಾಲಿ ಮಾಡಿದರು ಅಂತ. ಉಳಿದದ್ದು ‘ಸಾಮಾನು’, ಅದು ಫಾರಸಿ, ನಿಮಗೆ ಆಗುವುದಿಲ್ಲ.

ಉತ್ತರ – ಮೈಸೂರಿನಿಂದ

ಕಂಡಕ್ಟರನಿಂದ ಪದ ಕಲಿಯುವ ಕಾಲ ಬಂತು.

ಉತ್ತರ – ಪುತ್ತೂರಿನಿಂದ

ಮತ್ತೆ ಯಾರಿಂದ ಕಲಿಯುವುದು? ಬಾನೋಡದ ಪೈಲಟ್‌ನಿಂದಲಾ?

ಉತ್ತರ – ಬೆಂಗಳೂರಿನಿಂದ

ನೀವು ಹೀಗೇ ಜಗಳ ಆಡುತ್ತಾ ಇರಿ, ಅವರು ದೇವನಹಳ್ಳಿ ತಲುಪಿರುತ್ತಾರೆ. ಮೇಡಂ, ನನ್ನ ಮಾತು ಕೇಳಿ. ಹೆಸರುಪದ ಹುಡುಕುವುದನ್ನೇ ಬಿಡಿ. ಊರಿನ ಹೆಸರು ಹಾಕಿ, ಅದರ ಕೆಳಗೆ ಮಾಡಬೇಕಾದ್ದು, ಮಾಡಬಾರದ್ದು ಬರೆಯಿರಿ. ಬೋರ್ಡಿನ ಮೇಲಿರುವ ಇಂಗ್ಲಿಷ್ ಪದವನ್ನು ಬೋರ್ಡಿನಲ್ಲಿ ಕಾಣುವ ಹಾಗೇ ಬಿಡಿಸಿ ಪಕ್ಕದಲ್ಲಿ ಅಂಟಿಸಿ. ಅವರು ಅಕ್ಷರ ಹೊಂದಿಸಿ ನೋಡುತ್ತಾರೆ. ಅಲ್ಲಿ ಬೋರ್ಡ್ ಕನ್ನಡದಲ್ಲಿ ಇರುವುದಿಲ್ಲವಲ್ಲ. ‘ಒಳಬರವು ಎಲ್ಲಿ’ ಅಂತ ಕೇಳಿದರೆ ಓಹೇರ್‌ನಲ್ಲಿ ಯಾರು ಉತ್ತರ ಕೊಡುತ್ತಾರೆ?

ವಾಪಸ್ ಬರುವಾಗಿನದೂ ಸೇರಿಸಿ. ಡೆಲ್ಲಿಯಲ್ಲೋ ಮುಂಬೈಯಲ್ಲೋ ಇಳಿದು ಮಂಗಳೂರು, ಹುಬ್ಬಳ್ಳಿ ಕಡೆ ಹೋಗುವವರು ಸಾಮಾನ್ಯವಾಗಿ ಅಲ್ಲೇ ಬ್ಯಾಗು ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಷಿಕಾಗೋದ ನಿಯಮವೇ ನಮ್ಮಲ್ಲೂ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದವರಿಗೆ ಈ ಹಾಳೆ ಕೊಡಲೇಬೇಡಿ. ಅವರ ಬ್ಯಾಗು ನಡುವಿನ ಊರಿನಲ್ಲೇ ಹೊರಗೆ ಬರಬಹುದು, ಅದನ್ನು ತೆಗೆದುಕೊಳ್ಳಲು ಆ ದೇಶದ ಒಳಗೆ ಹೋಗಬೇಕು, ಅದಕ್ಕೆ ವೀಸಾ ಬೇಕಾಗಬಹುದು.

ಕೇಳಿದವರು

ಹೀಗೆ ಮಾಡಿದೆ ಸಾರ್.

‘ಫ್ರಾಂಕ್‌ಫರ್ಟ್: ವಿಮಾನ ಬದಲಿಸುವ ಊರು. ದೊಡ್ಡ ಬ್ಯಾಗು ಇಲ್ಲಿ ತೆಗೆದುಕೊಳ್ಳಬೇಡಿ, ಅದು ತಾನಾಗಿ ಬರುತ್ತೆ. ಹೊರಗೆ ಹೋಗುವ ಬಾಗಿಲು ಹಿಡಿಯಬೇಡಿ. ಗೇಟಿನ ಅಕ್ಷರ, ಅಂಕಿ ಎರಡೂ ನೋಡಿ. ಗೇಟಿನ ಹತ್ತಿರ ಹೋದ ಮೇಲೆ ಕೂತುಕೊಳ್ಳಿ.

ಷಿಕಾಗೋ: ಪಾಸ್‌ಪೋರ್ಟ್ ತೋರಿಸುವ ಊರು. ಮಗನ ಮನೆಗೆ ಬಂದಿದ್ದೇವೆ, ಇಂಥ ದಿನ ವಾಪಸ್ ಹೋಗುತ್ತೇವೆ ಅನ್ನಿ. ಆಮೇಲೆ ದೊಡ್ಡ ಬ್ಯಾಗು ನೀವೇ ತೆಗೆದುಕೊಳ್ಳಿ. ಸುಂಕದವರನ್ನು ದಾಟಿ. ಬ್ಯಾಗು ಮತ್ತೆ ಕೊಡಿ. ಟ್ಯಾಗಿನ ಮೇಲಿನ ಐಎನ್‌ಡಿ ಅಂದರೆ ಇಂಡಿಯಾ ಅಲ್ಲ, ನಮ್ಮೂರು.’

ಮಾವನಿಗೆ ಓದಿ ಹೇಳಿದೆ. ಈ ಸಲ ಏನೂ ಕೇಳಲಿಲ್ಲ.

ಉತ್ತರ – ಧಾರವಾಡದಿಂದ

‘ಸುಂಕದವರು’ ಉಳಿಸಿದ್ದಕ್ಕೆ ಶರಣು.

ಉತ್ತರ – ಬೆಂಗಳೂರಿನಿಂದ

ಚೆನ್ನಾಗಿದೆ. ಒಂದು ಸೇರಿಸಿ. ಹಸಿ ಕರಿಬೇವು, ಹಣ್ಣು ಬ್ಯಾಗಿನಲ್ಲಿ ಬೇಡ, ತೆಗೆದು ಬಿಸಾಡುತ್ತಾರೆ. ಉಪ್ಪಿನಕಾಯಿ, ಚಟ್ನಿಪುಡಿ ಇದ್ದರೆ ಇದೆ ಅಂತ ಮೊದಲೇ ಡಿಕ್ಲೇರ್ ಮಾಡಬೇಕು. ಬಚ್ಚಿಟ್ಟರೆ ದಂಡ.

ಉತ್ತರ – ಮೈಸೂರಿನಿಂದ

ಡಿಕ್ಲೇರ್‌ಗೆ ‘ಅರುಹು’ ಇದೆ.

ಕೇಳಿದವರು

ಪ್ರಿಂಟ್ ಆಯ್ತು ಸಾರ್.