ಪ್ರಾಸ್ಟೇಟ್ ಆಪರೇಷನ್‌ಗೆ ಮುಂಚೆ ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು?

ಪ್ರಶ್ನೆ: ಮೇಡಂ, ತಂದೆಗೆ 66 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಎರಡು ವಾರದಲ್ಲಿ ರೋಬೋಟಿಕ್ ಸರ್ಜರಿ. ಶುಗರ್ ಇದೆ, ಮೂರು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಶುಗರ್‌ಗೆ ಡಪಾಗ್ಲಿಫ್ಲೋಜಿನ್, ಜೊತೆಗೆ ಬಿಪಿ ಮಾತ್ರೆ ತಗೋತಾರೆ. ‘ಎಲ್ಲಾ ನಿಲ್ಲಿಸಿ, ಹಿಂದಿನ ರಾತ್ರಿಯಿಂದ ನೀರೂ ಬೇಡ’ ಅಂತಾರೆ ನೆಂಟರು. ಸರೀನಾ?

ಅರಿವಳಿಕೆ ತಜ್ಞೆ: ಎಲ್ಲವನ್ನೂ ಒಟ್ಟಿಗೆ ನಿಲ್ಲಿಸೋದೇ ಅಪಾಯ. ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆ ನಿಲ್ಲಿಸ್ತೀವಿ. ಸ್ಟೆಂಟ್ ಇದ್ದವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಹೆಚ್ಚಾಗಿ ಮುಂದುವರಿಸ್ತೀವಿ. ಎರಡೂ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಹೃದ್ರೋಗ ತಜ್ಞರು, ಸರ್ಜನ್ ಮಾತಾಡಿಕೊಂಡು ತಾರೀಖು ಬರೆದುಕೊಡಲಿ, ನೀವಾಗಿ ನಿಲ್ಲಿಸಬೇಡಿ.

ಎಲ್ಲರೂ ಮರೆಯೋದು ಡಪಾಗ್ಲಿಫ್ಲೋಜಿನ್. ಅದನ್ನು 3 ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸದಲ್ಲಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಅಪಾಯಕಾರಿಯಾಗಿ ಏರಬಹುದು. ಶುಗರ್ ಮಾತ್ರ ಹೆಚ್ಚೇನೂ ಏರಿರಲ್ಲ, ಹಾಗಾಗಿ ಮೀಟರ್ ನೋಡಿ ಯಾರಿಗೂ ಅನುಮಾನ ಬರಲ್ಲ. ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರೋದೂ ಉಂಟು. ಸ್ಟ್ರಿಪ್ ಹಿಂಬದಿ ಓದಿ. ಆ ಮೂರು ದಿನ ಶುಗರ್‌ಗೆ ಬದಲಿ ಏನು ಅಂತ ಕೇಳಿಕೊಳ್ಳಿ.

ಬಿಪಿ ಮಾತ್ರೆಯ ಹೆಸರು ‘ಪ್ರಿಲ್’ ಅಥವಾ ‘ಸಾರ್ಟಾನ್’ ಅಂತ ಮುಗಿದರೆ ಆಪರೇಷನ್ ದಿನ ಬೆಳಿಗ್ಗೆ ಸಾಮಾನ್ಯವಾಗಿ ಬಿಡಿಸ್ತೀವಿ, ತಗೊಂಡಿದ್ದರೆ ಅರಿವಳಿಕೆ ಕೊಟ್ಟಾಗ ಬಿಪಿ ತೀರಾ ಕುಸಿಯಬಹುದು. ‘ಲಾಲ್’ ಅಂತ ಮುಗಿಯೋದನ್ನು ಒಂದು ಗುಟುಕು ನೀರಲ್ಲಿ ಕೊಡಬೇಕು. ಹಗುರ ಊಟ ಅರಿವಳಿಕೆಗೆ 6 ತಾಸು ಮುಂಚೆಯೇ ಮುಗಿಸಿರಬೇಕು, ಎಣ್ಣೆ ಪದಾರ್ಥವಾದರೆ 8 ತಾಸು ಮುಂಚೆ. ಬರೀ ನೀರು 2 ತಾಸು ಮುಂಚಿನವರೆಗೂ ಕುಡಿಯಬಹುದು.

ಪ್ರಶ್ನೆ: ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗೋ ಕಾಯಿಲೆ) ಡ್ರಾಪ್ಸ್ ಹಾಕ್ಕೋತಾರೆ. ಅದನ್ನೂ ಹೇಳಬೇಕಾ?

ಅರಿವಳಿಕೆ ತಜ್ಞೆ: ಮೊದಲು ಅದನ್ನೇ ಹೇಳಿ! ಈ ಸರ್ಜರಿಯಲ್ಲಿ ತಲೆಯನ್ನು 25-30 ಡಿಗ್ರಿ ಕೆಳಗಿಳಿಸಿ, ಹೊಟ್ಟೆಗೆ ಗ್ಯಾಸ್ ತುಂಬಿ ಗಂಟೆಗಟ್ಟಲೆ ಮಲಗಿಸ್ತೀವಿ. ಕಣ್ಣಿನ ಒತ್ತಡ ಏರುತ್ತೆ. ಕಣ್ಣಿನ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿ, ಡ್ರಾಪ್ಸ್ ಆ ಬೆಳಿಗ್ಗೆಯೂ ತಪ್ಪಿಸಬೇಡಿ.

ಯೂರಾಲಜಿ ನರ್ಸ್: ಮೂತ್ರದ ಕಲ್ಚರ್ ರಿಪೋರ್ಟ್ ಬಂತಾ ವಿಚಾರಿಸಿ, ಸೋಂಕಿದ್ದರೆ ಮೊದಲು ಅದು ವಾಸಿಯಾಗಬೇಕು. ಮನೆಯಲ್ಲಿ ಬ್ಲೇಡ್ ಹಾಕಿ ಕೂದಲು ತೆಗೀಬೇಡಿ, ಗೀರು ಗಾಯದಿಂದ ಸೋಂಕಾಗುತ್ತೆ. ಬೇಕಿದ್ದರೆ ಇಲ್ಲೇ ಕ್ಲಿಪ್ಪರ್‌ನಲ್ಲಿ ತೆಗೀತೀವಿ.

ಮೂತ್ರ ತಡೆಯೋ ಸ್ನಾಯು ಗಟ್ಟಿಯಾಗಲು ಮಾಡೋ ಕೀಗಲ್ ವ್ಯಾಯಾಮ ಇವತ್ತೇ ಶುರುಮಾಡಿಸಿ. ಹೂಸು ತಡೆಯೋ ಹಾಗೆ ಬಿಗಿಹಿಡಿದು 10 ಸೆಕೆಂಡ್, ಸಡಿಲ ಬಿಟ್ಟು 10 ಸೆಕೆಂಡ್, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ಪೃಷ್ಠ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಆಪರೇಷನ್ ಆದಮೇಲೆ ಕ್ಯಾತಿಟರ್ (ಮೂತ್ರದ ನಳಿಕೆ) ಒಂದೆರಡು ವಾರ ಇರುತ್ತೆ; ಅದು ತೆಗೆಯುವವರೆಗೆ ಈ ವ್ಯಾಯಾಮ ಬೇಡ.