ಐಸ್ ಪ್ಲಾಂಟಿನ ಗ್ಯಾಸ್: ನಿನ್ನೆ ರಾತ್ರಿಯ ವಿಷಯ

ಶಕುಂತಲಾ, 3ನೇ ಅಡ್ಡರಸ್ತೆ | ಬೆಳಗ್ಗೆ 5:42
ಯಾರಿಗಾದರೂ ನಿದ್ದೆ ಬಂತಾ? ನಮಗೆ ಬರಲಿಲ್ಲ. ಎರಡೂವರೆಗೆ ಕಣ್ಣುರಿ ಶುರು. ಅತ್ತೆಗೆ ಕೆಮ್ಮು ನಿಲ್ಲಲೇ ಇಲ್ಲ. ಮಗುವನ್ನು ಎತ್ತಿಕೊಂಡು ಮಳೆಯಲ್ಲೇ ದೇವಸ್ಥಾನದವರೆಗೆ ಓಡಿದೆವು. ಪ್ಲಾಂಟಿನ ಗೇಟ್ ಬಡಿದರೆ ವಾಚ್‌ಮನ್ "ಏನೂ ಇಲ್ಲ ಅಕ್ಕ, ಸ್ವಲ್ಪ ವಾಸನೆ" ಅಂತಾನೆ. ನಮ್ಮ ತುಳಸಿ ನೋಡಿ. ಪ್ಲಾಂಟಿನ ಬದಿಯ ಎಲೆ ಎಲ್ಲ ಕರಟಿ ಕಪ್ಪಾಗಿದೆ, ಮನೆ ಬದಿಯದ್ದು ಹಸಿರು. ಇದು ಸ್ವಲ್ಪ ವಾಸನೆಯಾ?

ಉಮೇಶ್, ಕೊನೆ ಮನೆ | 5:50
ನಮ್ಮಲ್ಲೂ ಬಂದಿತ್ತು. ನಾಯಿ ಮಂಚದಡಿ ಹೋಗಿ ಕೂತದ್ದು ಇನ್ನೂ ಎದ್ದಿಲ್ಲ.

ವಾಸುದೇವ ಮಾಸ್ಟ್ರು | 5:58
ನಾನು ಹೇಳಿದ್ದೆ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಆ ಪ್ಲಾಂಟ್ ಮುಚ್ಚಿಸಬೇಕು. ಬೇರೆ ಮಾತೇ ಬೇಡ. ಹಿಂದಿನ ಕಮಿಟಿಗೆ ಮೂರು ಪತ್ರ ಕೊಟ್ಟಿದ್ದೆ, ಎಲ್ಲ ಯಾರ ಕಪಾಟಿನಲ್ಲಿ ಹೋಯಿತು ಅಂತ ಎಲ್ಲರಿಗೂ ಗೊತ್ತು.

ಲೀನಾ, 1ನೇ ಅಡ್ಡರಸ್ತೆ | 6:04
ಅದು ಕ್ಲೋರಿನ್ ಅಂತೆ? ಭೋಪಾಲದಲ್ಲಿ ಆದದ್ದು ಇದೇ ಗ್ಯಾಸಾ?

ಜನಾರ್ದನ | 6:15
ಅಲ್ಲ ಲೀನಾ ಬಾಯಿ. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೋಸಯನೇಟ್. ಇದು ಅಮೋನಿಯಾ. ಮಲ್ಪೆಯಲ್ಲಿ 22 ವರ್ಷ ಕಂಪ್ರೆಸರ್ ನೋಡಿದವ ನಾನು, ಆ ವಾಸನೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಅಮೋನಿಯಾ ಮೈನಸ್ 33 ಡಿಗ್ರಿಗೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ. ತೊಟ್ಟಿಯ ಉಪ್ಪುನೀರು ತಣ್ಣಗಾಗುವುದು, ಡಬ್ಬಿಯೊಳಗಿನ ನೀರು ಐಸ್ ಆಗುವುದು ಹಾಗೆ. ಕಡಿಮೆ ಖರ್ಚು, ಒಳ್ಳೆ ತಂಪು. ಓಝೋನ್‌ಗೂ ತೊಂದರೆ ಇಲ್ಲ. ಆದರೆ ಮನುಷ್ಯನ ಕಣ್ಣು, ಗಂಟಲು, ಶ್ವಾಸಕೋಶ ಎಲ್ಲಿ ಒದ್ದೆ ಉಂಟೋ ಅಲ್ಲಿಗೇ ಹೋಗಿ ಸುಡುತ್ತದೆ. ನೀರು ಕಂಡರೆ ಬಿಡುವುದಿಲ್ಲ ಅದು.

ಉಮೇಶ್ | 6:19
ಈಗಲೇ ಯಾಕೆ? ಎರಡು ತಿಂಗಳು ಏನೂ ಇರಲಿಲ್ಲ.

ಜನಾರ್ದನ | 6:27
ಅದೇ ಕಾರಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಬೋಟ್ ಕಡಲಿಗಿಳಿಯುವ ಹಾಗಿಲ್ಲ, ಐಸ್ ಯಾರಿಗೆ ಬೇಕು? ಸುಮ್ನೆ ನಿಂತ ಮಷೀನಿನಲ್ಲಿ ಸಂದಿ ಮುಚ್ಚುವ ಪ್ಯಾಕಿಂಗ್ ಒಣಗುತ್ತದೆ, ವಾಲ್ವ್ ಹಿಡಿಯುತ್ತದೆ. ಸೀಸನ್ ಶುರುವಿಗೆ ಗಡಿಬಿಡಿಯಲ್ಲಿ ಚಾಲೂ ಮಾಡುತ್ತಾರೆ. ಎಲ್ಲಿ ಸೋರಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ನಾವಾದರೆ ಗಂಧಕದ ಬತ್ತಿ ಹಚ್ಚಿ ಒಂದೊಂದು ಜಾಯಿಂಟಿಗೆ ಹಿಡಿಯುತ್ತಿದ್ದೆವು. ಸೋರುತ್ತಿದ್ದರೆ ದಟ್ಟ ಬಿಳಿ ಹೊಗೆ ಏಳುತ್ತದೆ.

ಪ್ರಮೀಳಾ | 6:31
*ಫಾರ್ವರ್ಡ್:* ವಿಷಗ್ಯಾಸ್ ಬಂದರೆ ತಕ್ಷಣ ಒಂದು ಲೋಟ ಹಾಲಿಗೆ ತುಪ್ಪ ಹಾಕಿ ಕುಡಿಯಿರಿ. ಮೂಗಿಗೆ ಹಸಿ ಈರುಳ್ಳಿ ಹಿಡಿಯಿರಿ. 20 ಗುಂಪಿಗೆ ಕಳಿಸಿ ಜೀವ ಉಳಿಸಿ.

ಉಮೇಶ್ | 6:32
ಅಕ್ಕ, ಈರುಳ್ಳಿ ಹೆಚ್ಚಿದರೂ ಕಣ್ಣುರಿಯೇ.

ರಫೀಕ್, ಅಂಗಡಿ | 6:34
ನನಗೆ ನಾಲ್ಕು ದಿನದಿಂದ ಮೂಗು ಕಟ್ಟಿತ್ತು. ನಿನ್ನೆ ರಾತ್ರಿ ಬಿಟ್ಟಿತು, ಸತ್ಯ.

ಜನಾರ್ದನ | 6:49
ತಮಾಷೆ ಇರಲಿ. ಇನ್ನೊಮ್ಮೆ ಬಂದರೆ ಸ್ವಲ್ಪ ವಾಸನೆಗೆ ಓಡಬೇಡಿ, ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ ಒಳಗೇ ಇರಿ. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಸ್ವಲ್ಪ ಉಪಕಾರ ಆಗುತ್ತದೆ. ಹೊರಗೆ ಹೋಗಲೇಬೇಕಾದರೆ ಗಾಳಿಗೆ ಅಡ್ಡವಾಗಿ ನಡೆಯಿರಿ. ಶಕುಂತಲಕ್ಕ ದೇವಸ್ಥಾನಕ್ಕೆ ಓಡಿದ್ದು ಗಾಳಿ ಹೋಗುವ ಕಡೆಗೇ, ಗ್ಯಾಸೂ ಜೊತೆಗೇ ಬಂದಿರುತ್ತದೆ. ಕಣ್ಣಿಗೆ ತಾಗಿದರೆ 15 ನಿಮಿಷ ನೀರು ಬಿಡುತ್ತಲೇ ಇರಿ, ಆಮೇಲೆ ಡಾಕ್ಟ್ರು. ಈ ಗ್ಯಾಸ್ ಗಾಳಿಗಿಂತ ಹಗುರ. ಆದರೆ ಒಮ್ಮೆಲೇ ಜಾಸ್ತಿ ಸೋರಿದರೆ ತಣ್ಣಗಿನ ಬಿಳಿ ಮೋಡವಾಗಿ ನೆಲಕ್ಕೇ ಹಬ್ಬುತ್ತದೆ. ಅಂಥದ್ದು ಕಂಡರೆ ಹತ್ತಿರ ಹೋಗಲೇ ಬೇಡಿ, 112ಕ್ಕೆ ಫೋನ್ ಮಾಡಿ. ದ್ರವ ಬಿದ್ದ ಕಡೆ ಪೈಪ್ ಹಿಡಿದು ನೀರು ಬಿಡಲೂಬೇಡಿ, ಆವಿ ಇನ್ನೂ ಜಾಸ್ತಿ ಏಳುತ್ತದೆ. ತುಂತುರು ನೀರು ಹಾಕುವುದು ಗಾಳಿಯಲ್ಲಿರುವ ಗ್ಯಾಸಿಗೆ, ಅದು ಫೈರ್‌ನವರ ಕೆಲಸ.

ಶಕುಂತಲಾ | 6:53
ಗಾಳಿ ಯಾವ ಕಡೆ ಅಂತ ರಾತ್ರಿ ಎರಡೂವರೆಗೆ ಯಾರಿಗೆ ಗೊತ್ತಾಗುತ್ತದೆ ಅಣ್ಣ?

ಜನಾರ್ದನ | 6:58
ಅದಕ್ಕೇ ಮೂರು ಕೇಳೋಣ. ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವ ಒಬ್ಬನ ನಂಬರ್. ನಮಗೂ ಕೇಳಿಸುವ ಸೈರನ್. ಟೆರೇಸಿನ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ, ಅದಕ್ಕೊಂದು ಲೈಟ್. ಮಾಲೀಕರಿಗೆ ಇದು ಒಂದು ಲೋಡ್ ಐಸಿನಷ್ಟೂ ಖರ್ಚಲ್ಲ.

ವಾಸುದೇವ ಮಾಸ್ಟ್ರು | 7:03
ಚೀಲ ಕಟ್ಟಿ ಸಮಾಧಾನ ಮಾಡುವುದಾ? ಮುಚ್ಚಿಸುವುದು ಬಿಟ್ಟು? ಜನವಸತಿಯಲ್ಲಿ ಪ್ಲಾಂಟ್ ಹೇಗೆ ಬಂತು ಅಂತ ಮೊದಲು ಉತ್ತರ ಬರಲಿ.

ರಫೀಕ್, ಅಂಗಡಿ | 7:06
ಪ್ಲಾಂಟ್ ಬರಲಿಲ್ಲ ಮಾಸ್ಟ್ರೇ, ಅದು ಇತ್ತು. ಇಲ್ಲಿ ಗದ್ದೆ ಇತ್ತು. ಬಂದದ್ದು ನಾವು. ಸೈಟ್ ಕಡಿಮೆಗೆ ಸಿಕ್ಕಿದ್ದು ಯಾಕೆ ಅಂತ ನೆನಪುಂಟಾ?

ವಾಸುದೇವ ಮಾಸ್ಟ್ರು | 7:08
ನಿಮ್ಮ ತಮ್ಮನ ಬೋಟಿಗೆ ಐಸ್ ಎಲ್ಲಿಂದ ಹೋಗುತ್ತದೆ ಅಂತ ನನಗೂ ಗೊತ್ತು.

ರಫೀಕ್, ಅಂಗಡಿ | 7:09
ಹೋಗುತ್ತದೆ. ನೀವು ತಿನ್ನುವ ಬೂತಾಯಿ ಅದೇ ಐಸಿನಲ್ಲಿ ಬರುತ್ತದೆ. ಗ್ಯಾಸ್ ನನ್ನ ಮಕ್ಕಳಿಗೂ ತಾಗಿದೆ. ತಮ್ಮನನ್ನು ಎಳೆಯಬೇಡಿ.

ಕಾರ್ಯದರ್ಶಿ | 7:15
ಎಲ್ಲರೂ ಶಾಂತರಾಗಿ. ಹಿಂದಿನ ಕಮಿಟಿಯ ಕಪಾಟಿನಲ್ಲಿ ನಮಗೆ ಸಿಕ್ಕಿದ್ದು ಗಣೇಶೋತ್ಸವದ ರಸೀದಿ ಪುಸ್ತಕ ಮಾತ್ರ.

ಲೀನಾ | 7:22
ನನ್ನ ಮಗ ಹೇಳಿದ: ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಆಯಿತಂತೆ, ಅಪಾಯದ ಕೆಲಸ ಇರುವಲ್ಲಿ ಅಕ್ಕಪಕ್ಕದ ಜನಕ್ಕೂ ತಿಳಿಸಬೇಕು ಅಂತ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೆ ಒಂದು ಅರ್ಜಿ ಬರೆಯೋಣ. ನಾನು ಬರೆಯುತ್ತೇನೆ, ಸಹಿ ಹಾಕಿ ಸಾಕು.

ವಾಸುದೇವ ಮಾಸ್ಟ್ರು | 7:24
ಅರ್ಜಿಯಲ್ಲಿ "ಮುಚ್ಚಬೇಕು" ಅಂತ ಇಲ್ಲದಿದ್ದರೆ ನನ್ನ ಸಹಿ ಇಲ್ಲ.

ರಫೀಕ್, ಅಂಗಡಿ | 7:24
ಇದ್ದರೆ ನನ್ನದಿಲ್ಲ.

ಜನಾರ್ದನ | 7:40
ಅಲ್ಲಿ ಕೆಲಸ ಮಾಡುವ ಹುಡುಗರನ್ನೂ ಯೋಚಿಸಿ ಮಾರಾಯ್ರೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು, ಇದು 8 ಗಂಟೆ ದುಡಿಯುವವನಿಗೆ ಹಾಕಿದ ಮಿತಿ. 300 ಅಂದರೆ ಜೀವಕ್ಕೇ ಅಪಾಯ. ನಿನ್ನೆ ಒಳಗೆ ಎಷ್ಟಿತ್ತೋ. ಮಷೀನಿನ ಎಣ್ಣೆ ಇಳಿಸುವಾಗ ವಾಲ್ವ್ ತೆರೆದೇ ಬಿಟ್ಟು ಚಾ ಕುಡಿಯಲು ಹೋದವರನ್ನು ನಾನೇ ನೋಡಿದ್ದೇನೆ. ಮಾಸ್ಕ್ ಬೀರುವಿನಲ್ಲಿ, ಬೀರುವಿನ ಕೀ ಮಾಲೀಕರ ಮನೆಯಲ್ಲಿ.

ಪ್ರಮೀಳಾ | 8:02
*ಫಾರ್ವರ್ಡ್:* ಶುಭೋದಯ. ನಗುವೇ ಔಷಧಿ.

ಉಮೇಶ್ | 8:47
ಅದಿರಲಿ, ಸೇತುವೆ ಹತ್ತಿರ ಈಗಷ್ಟೇ ನನ್ನ ಸ್ಕೂಟರ್ ಜಾರಿತು. ಮೀನಿನ ಲಾರಿ ನೀರು ಚೆಲ್ಲಿಕೊಂಡೇ ಹೋಗಿದೆ. ಮೊಣಕಾಲು ತರಚಿತು.

ಲೀನಾ | 8:49
ಅಯ್ಯೋ! ಹೋದ ವರ್ಷ ನಮ್ಮವರು ಬಿದ್ದದ್ದೂ ಅಲ್ಲಿಯೇ.

ವಾಸುದೇವ ಮಾಸ್ಟ್ರು | 8:51
ಲಾರಿಗೆ ಟ್ಯಾಂಕ್ ಹಾಕಿಸಬೇಕು. ಇದನ್ನೂ ಹೇಳಿದ್ದೆ.

ರಫೀಕ್, ಅಂಗಡಿ | 8:53
ಇದಕ್ಕೆ ಮಾಸ್ಟ್ರ ಮಾತು ಸರಿ. ನಾನೂ ಬರುತ್ತೇನೆ.

ಕಾರ್ಯದರ್ಶಿ | 9:10
ಹಾಗಾದರೆ ಭಾನುವಾರ 5 ಗಂಟೆಗೆ ಮೀಟಿಂಗ್. ವಿಷಯ: ಮೀನಿನ ಲಾರಿಯ ನೀರು. ಚಾ, ಬಿಸ್ಕುಟ್ ಉಂಟು.

ಜನಾರ್ದನ | 9:14
ಆ ನಂಬರ್?

ಕಾರ್ಯದರ್ಶಿ | 9:31
ಸಮಯ ಉಳಿದರೆ ಅದನ್ನೂ ತೆಗೆದುಕೊಳ್ಳೋಣ ಅಣ್ಣ.

ಶಕುಂತಲಾ | 11:05
ಯಾರ ಮನೆಯಲ್ಲಾದರೂ ತುಳಸಿ ಸಸಿ ಜಾಸ್ತಿ ಇದೆಯಾ?

ಪ್ರಮೀಳಾ | 11:06
ಉಂಟು. ಸಂಜೆ ಬನ್ನಿ.