ಟೋಕ್ವಿಲ್ ಕಂಡ ಅಮೆರಿಕ ಎಷ್ಟು ನಿಜ?

ಪ್ರಶ್ನೆ (ಮೈಸೂರು):
ಎಂ.ಎ. ಸೆಮಿನಾರ್‌ಗೆ ಫ್ರೆಂಚ್ ಚಿಂತಕ ಟೋಕ್ವಿಲ್‌ನ ‘ಡೆಮಾಕ್ರಸಿ ಇನ್ ಅಮೆರಿಕ’ ಓದ್ತಾ ಇದ್ದೇನೆ. 1831ರಲ್ಲಿ ಫ್ರಾನ್ಸ್‌ನಿಂದ ಅಮೆರಿಕಕ್ಕೆ ಜೈಲುಗಳನ್ನು ನೋಡೋಕೆ ಅಂತ ಹೋಗಿ, ಒಂಬತ್ತು ತಿಂಗಳು ಸುತ್ತಿ, ಕೊನೆಗೆ ಇಡೀ ಸಮಾಜದ ಬಗ್ಗೆಯೇ ಬರೆದಾತ. ಅಷ್ಟು ಬೇಗ ಕಂಡದ್ದನ್ನು ನಂಬಬಹುದಾ?

ಉತ್ತರ 1 (ಮಂಡ್ಯ):
ಬಹಳಷ್ಟು ನಂಬಬಹುದು. ಶಾಲೆ, ಆಸ್ಪತ್ರೆ, ಚರ್ಚ್ ಏನೇ ಬೇಕಾದರೂ ಜನ ಸರ್ಕಾರದ ದಾರಿ ನೋಡದೆ ತಾವೇ ಸಂಘ ಕಟ್ಟಿಕೊಳ್ತಾರೆ ಅಂತ ಗುರುತಿಸಿದ. ನಮ್ಮೂರ ಹಾಲಿನ ಸಂಘ ನೋಡಿದವರಿಗೆ ಇದರ ಬೆಲೆ ಗೊತ್ತು.

ಉತ್ತರ 2 (ಮೈಸೂರು):
ಸರ್ ಹೇಳಿದ್ದು ಸರಿ, ಆದರೆ ಮಿಸಿಸಿಪ್ಪಿ ನದಿ ದಡದ ಮೆಂಫಿಸ್ ಊರಲ್ಲಿ ಅವನು ಕಂಡದ್ದನ್ನು ಬಿಡಬೇಡಿ. ಆ ಚಳಿಗಾಲದಲ್ಲಿ ಚಾಕ್ಟಾ ಎಂಬ ಅಮೆರಿಕದ ಮೂಲನಿವಾಸಿ ಜನರನ್ನು ಊರು ಬಿಡಿಸಿ ಮಿಸಿಸಿಪ್ಪಿ ದಾಟಿಸುತ್ತಿದ್ದರು. ಹಸುಗೂಸುಗಳು, ಸಾಯುವ ಹಾಗಿದ್ದ ಮುದುಕರು, ಯಾರೂ ಅಳಲಿಲ್ಲ. ದಡದಲ್ಲಿ ಉಳಿದ ನಾಯಿಗಳು ಊಳಿಟ್ಟು, ಕೊರೆಯುವ ನೀರಿಗೆ ಹಾರಿ ದೋಣಿಯ ಹಿಂದೆ ಈಜಿದವು. ಇದನ್ನೇ ಮೊದಲು ಓದಿ ಹೇಳಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ಗುಲಾಮಗಿರಿ ಬಗ್ಗೆ?

ಉತ್ತರ 2:
ಇದೆ. ಗುಲಾಮಗಿರಿ ಇದ್ದ ಕೆಂಟಕಿ, ಇಲ್ಲದ ಒಹಾಯೋ, ಈ ಎರಡು ರಾಜ್ಯಗಳ ನಡುವಿನ ನದಿಯ ಎರಡೂ ದಡ ಹೋಲಿಸಿದ ಭಾಗ ನೋಡಿ.